ಏಪ್ರಿಲ್ 25ರ ಆ ಒಂದು ಸಾಲು

ಏಪ್ರಿಲ್ ಬಂತು ಅಂದ್ರೆ ನಮ್ಮ ನ್ಯೂಸ್ ಡೆಸ್ಕಿಗೆ ಕೆಲವು ದಿನಾಂಕಗಳು ಬಾಯಿಪಾಠ. 12 ಅಣ್ಣಾವ್ರು ನಮ್ಮನ್ನು ಅಗಲಿದ ದಿನ. 13 ಜಲಿಯನ್‌ವಾಲಾ ಬಾಗ್. 14 ಅಂಬೇಡ್ಕರ್ ಜಯಂತಿ. 24 ಮತ್ತೆ ಅಣ್ಣಾವ್ರು, ಈ ಸಲ ಹುಟ್ಟುಹಬ್ಬ. ಹಳೇ ದೃಶ್ಯಗಳನ್ನೆಲ್ಲ ವಾರದ ಮುಂಚೆಯೇ ತೆಗೆದಿಟ್ಟಿರ್ತೀವಿ. ಇದೆಲ್ಲ ಮುಗಿದು ಎಲ್ಲರೂ ಸುಸ್ತಾದ ಮೇಲೆ ಬರೋದು 25.

ಕೆಲವು ವರ್ಷಗಳ ಹಿಂದೆ ಆ ದಿನದ ಸ್ಕ್ರೋಲ್‌ಗೆ ನಾನೇ ಒಂದು ಸಾಲು ಬರೆದುಕೊಟ್ಟೆ: 'ಇತಿಹಾಸದಲ್ಲಿ ಇಂದು: 1938, ವಿದುರಾಶ್ವತ್ಥದಲ್ಲಿ ಬ್ರಿಟಿಷರ ಗುಂಡಿಗೆ 32 ಮಂದಿ ಬಲಿ.' ಅರ್ಧ ಗಂಟೆಯೊಳಗೆ ಗೌರಿಬಿದನೂರು ಕಡೆಯ ಹಿರಿಯರೊಬ್ಬರ ಫೋನ್ ಬಂತು. "ಏನಪ್ಪಾ, ಬ್ರಿಟಿಷರು ಅಂತ ಯಾರು ಹೇಳಿದ್ರು ನಿಂಗೆ? ಗುಂಡು ಹೊಡೆದೋರು ನಮ್ಮ ಮೈಸೂರು ಪೊಲೀಸ್ನೋರೇ ಕಣಪ್ಪ."

ನಾನು ಓದಿದ್ದು ಎಂಜಿನಿಯರಿಂಗ್. ಇತಿಹಾಸ ಹತ್ತನೇ ಕ್ಲಾಸಿಗೇ ಮುಗಿದಿತ್ತು. ಗುಂಡು ಹಾರಿದೆ, ಸ್ವಾತಂತ್ರ್ಯ ಹೋರಾಟ ನಡೆದಿದೆ, ಅಂದಮೇಲೆ ಹೊಡೆದವರು ಬ್ರಿಟಿಷರೇ ಅಂತ ನನ್ನ ಕೈ ತಾನಾಗಿ ಟೈಪ್ ಮಾಡಿಬಿಟ್ಟಿತ್ತು. ಆ ಫೋನಿನ ನಂತರವೇ ನಾನು ಕೂತು ಓದಿದ್ದು.

ಏಪ್ರಿಲ್‌ಗೂ ಬಾವುಟಕ್ಕೂ ನಮ್ಮ ನೆಲದಲ್ಲಿ ಹಳೇ ನಂಟಿದೆ. 1837ರ ಏಪ್ರಿಲ್ 5ರಂದು ಅಮರಸುಳ್ಯದ ರೈತ ದಂಡು ಮಂಗಳೂರಿಗೆ ನುಗ್ಗಿ ಕಂಪನಿಯ ಬಾವುಟ ಇಳಿಸಿ ತನ್ನದನ್ನು ಹಾರಿಸಿತು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಆ ಗುಡ್ಡಕ್ಕೆ ಇವತ್ತಿಗೂ ಬಾವುಟಗುಡ್ಡೆ ಅಂತಲೇ ಹೆಸರು. ಅಲ್ಲಿ ಎದುರಾಳಿ ಯಾರು ಅನ್ನೋದರಲ್ಲಿ ಗೊಂದಲ ಇರಲಿಲ್ಲ. 1938ರ ಕತೆ ಹಾಗಲ್ಲ. ಮೈಸೂರಿನಲ್ಲಿ ಆಳ್ತಾ ಇದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನರು ಮಿರ್ಜಾ ಇಸ್ಮಾಯಿಲ್. ಗಂಡಭೇರುಂಡದ ಧ್ವಜ ಇರುವ ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ಚರಕದ ಧ್ವಜ ಯಾಕೆ ಅನ್ನೋದು ಸರ್ಕಾರದ ಪ್ರಶ್ನೆ. ಮದ್ದೂರಿನ ಪಕ್ಕದ ಶಿವಪುರದಲ್ಲಿ ಏಪ್ರಿಲ್ ಎರಡನೇ ವಾರ ಮೈಸೂರು ಕಾಂಗ್ರೆಸ್ ಅಧಿವೇಶನ ಸೇರಿತು, ಅಧ್ಯಕ್ಷರು ಟಿ. ಸಿದ್ಧಲಿಂಗಯ್ಯ. ನಿಷೇಧಾಜ್ಞೆ ಮುರಿದು ಧ್ವಜ ಏರಿತು, ನಾಯಕರು ಜೈಲಿಗೆ ಹೋದರು, ರಕ್ತ ಹರಿಯಲಿಲ್ಲ. ಅಲ್ಲಿಂದ ಧ್ವಜ ಸತ್ಯಾಗ್ರಹ ಊರೂರಿಗೆ ಹಬ್ಬಿತು.

ಎರಡು ವಾರದ ನಂತರ ವಿದುರಾಶ್ವತ್ಥ. ಉತ್ತರ ಪಿನಾಕಿನಿ ದಂಡೆಯ ಆ ಸಣ್ಣ ಊರಿನಲ್ಲಿ ಆಗ ಜಾತ್ರೆಯ ಸಮಯ. ಹೆಜ್ಜೆ ಹೆಜ್ಜೆಗೂ ನಾಗರಕಲ್ಲು ಇರುವ ಜಾಗ ಅದು, ಹರಕೆ ಹೊತ್ತವರು ದೂರದೂರದಿಂದ ಬರ್ತಾರೆ. ಜಾತ್ರೆಗೆ ಬಂದ ಜನ, ಸತ್ಯಾಗ್ರಹಕ್ಕೆ ಬಂದ ಜನ ಎಲ್ಲ ಒಂದೇ ಗುಂಪಾಗಿದ್ದರು. 25ರಂದು ಪೊಲೀಸರು ಆ ಗುಂಪಿನ ಮೇಲೆ ಗುಂಡು ಹಾರಿಸಿದರು.

ಸತ್ತವರೆಷ್ಟು? ಸರ್ಕಾರದ ಲೆಕ್ಕ ಹತ್ತರ ಆಸುಪಾಸು, ಜನರ ಲೆಕ್ಕ 32. ಜಲಿಯನ್‌ವಾಲಾ ಬಾಗ್‌ನಲ್ಲೂ ಹೀಗೇ ಆಗಿತ್ತು, ಸರ್ಕಾರ 379 ಅಂದಿತು, ಕಾಂಗ್ರೆಸ್ ಸಾವಿರದ ಮಾತಾಡಿತು. ದಿನಾ ಸಾವಿನ ಸಂಖ್ಯೆ ಓದೋದೇ ನನ್ನ ಕೆಲಸ, ಹೇಳಿದ್ರೆ ಕ್ರೂರ ಅನ್ನಿಸಬಹುದು. ಮೊದಲ ಗಂಟೆಯಲ್ಲಿ ಬರುವ ಸಂಖ್ಯೆ ಯಾರ ಬಾಯಿಂದ ಬರುತ್ತೆ ಅಂತ ನಮಗೆ ಗೊತ್ತಿರುತ್ತೆ. ಆದರೂ ಓದ್ತೀವಿ.

ಆದರೆ ನನ್ನನ್ನು ಕಾಡಿದ್ದು ಸಂಖ್ಯೆ ಅಲ್ಲ, ನಾಲ್ವಡಿಯವರು. ಎಂಜಿನಿಯರಿಂಗ್ ಓದುವಾಗ ಕೆಆರ್‌ಎಸ್ ಅಣೆಕಟ್ಟು ನೋಡೋಕೆ ಹೋಗಿದ್ವಿ. ನನ್ನ ಮಟ್ಟಿಗೆ ಅದೊಂದು ತೀರ್ಥಯಾತ್ರೆ. ಆ ರಾಜರನ್ನು ಗಾಂಧೀಜಿಯವರೇ ರಾಜರ್ಷಿ ಅಂದಿದ್ದರು. ಮಿರ್ಜಾ ಅವರು ಕಟ್ಟಿಸಿದ ಬೃಂದಾವನ ನೋಡಿ ಬೆಳೆದವರು ನಾವು. ಡಯರ್‌ನನ್ನು ಬೈಯೋದು ಸುಲಭ ಕಣ್ರೀ, ಅವನು ನಮ್ಮವನಲ್ಲ. ವಿದುರಾಶ್ವತ್ಥ ನಮ್ಮ ನೆನಪಿನ ಮೂಲೆಗೆ ಸರಿದಿರೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ. ನಮ್ಮ ಪ್ರೀತಿಯ ರಾಜರ ಕಾಲದಲ್ಲಿ, ನಮ್ಮದೇ ಭಾಷೆ ಮಾತಾಡುವ ಪೊಲೀಸರ ಬಂದೂಕಿನಿಂದ ಆದದ್ದನ್ನು 'ಕರ್ನಾಟಕದ ಜಲಿಯನ್‌ವಾಲಾ ಬಾಗ್' ಅಂತ ಕರೆದು ಮುಂದೆ ಹೋಗಿಬಿಡ್ತೀವಿ.

ಇನ್ನೊಂದು ಮಾತೂ ಹೇಳಬೇಕು, ಇಲ್ಲದಿದ್ರೆ ಅನ್ಯಾಯ. ಸಂಸ್ಥಾನ ಸರ್ಕಾರ ವೇಪಾ ರಾಮೇಶಂ ಸಮಿತಿಯನ್ನು ವಿಚಾರಣೆಗೆ ನೇಮಿಸಿತು. ಗಾಂಧೀಜಿ ಕಳುಹಿಸಿದ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದು ಮಿರ್ಜಾ ಜೊತೆ ಮಾತುಕತೆಗೆ ಕೂತರು. ಕೊನೆಗೆ ಆದ ಒಪ್ಪಂದ ಏನು ಗೊತ್ತಾ? ಎರಡೂ ಧ್ವಜ ಒಟ್ಟಿಗೆ ಹಾರಿಸಬಹುದು! ಗುಂಡು ಹಾರಿದ ಮುಂದಿನ ತಿಂಗಳೇ ಇಷ್ಟು ಸಲೀಸಾಗಿ ಬಗೆಹರಿಯೋ ವಿಷಯ ಅದಾಗಿತ್ತು.

ಮರುವರ್ಷ ಆ ಸಾಲನ್ನು ಮತ್ತೆ ಬರೆದೆ. 'ಬ್ರಿಟಿಷರ' ಅನ್ನೋದನ್ನು ಅಳಿಸಿ 'ಮೈಸೂರು ಸಂಸ್ಥಾನದ ಪೊಲೀಸರ' ಅಂತ ಹಾಕಿದೆ. ಸಾಲು ಉದ್ದ ಆಯ್ತು, ಗ್ರಾಫಿಕ್ಸ್ ಹುಡುಗ ಗೊಣಗಿದ. ಆ ದಿನ ರಾತ್ರಿಯವರೆಗೂ ಗೌರಿಬಿದನೂರಿನಿಂದ ಫೋನ್ ಬರಲಿಲ್ಲ.