ಯಂತ್ರವಿಲ್ಲದ ಫ್ಯಾಕ್ಟರಿ

1638ರಲ್ಲಿ ಇಂಗ್ಲಿಷರ ಕೋರ್ಟೀನ್ ಮಂಡಳಿ ಕಾರವಾರದಲ್ಲಿ ಫ್ಯಾಕ್ಟರಿ ತೆರೆಯಿತು ಎಂದು ಓದಿದಾಗ ಹೊಗೆ ಉಗುಳುವ ಚಿಮಣಿ ಕಣ್ಮುಂದೆ ಬಂದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿದ್ದದ್ದು ಗೋದಾಮು, ತಕ್ಕಡಿ, ಲೆಕ್ಕದ ಪುಸ್ತಕ, ಮೆಣಸಿನ ಮೂಟೆ, ಮಸ್ಲಿನ್ ಬಟ್ಟೆಯ ಗಂಟು. ‘ಮಾಡು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ‘ಫ್ಯಾಕ್ಟರ್’ ಎಂದರೆ ಧಣಿಯ ಪರವಾಗಿ ಕೊಳ್ಳುವ, ಮಾರುವ ಏಜೆಂಟ. ಅವನ ಠಾಣ್ಯವೇ ಫ್ಯಾಕ್ಟರಿ. ಪೋರ್ಚುಗೀಸರು ಫೆಯಿತೋರಿಯಾ ಅಂದರು, ಇಲ್ಲಿನವರು ಕೋಠಿ ಅಂದರು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ರೈಟರ್ ಆಗಿ ಸೇರಿದ ಹುಡುಗ ಬಡ್ತಿ ಸಿಕ್ಕಿ ಫ್ಯಾಕ್ಟರ್ ಆಗುತ್ತಿದ್ದ. ಚೀನಾದ ಕ್ಯಾಂಟನ್ನಿನಲ್ಲಿದ್ದ ‘ಹದಿಮೂರು ಫ್ಯಾಕ್ಟರಿ’ಗಳದ್ದೂ ಬರೀ ವ್ಯಾಪಾರವೇ.

ಯಂತ್ರ ಬಂದ ಮೇಲೆ ಹಳೆಯ ಅರ್ಥ ಸತ್ತು ಹೊಸದು ಹುಟ್ಟಿತು ಎನ್ನುವುದು ರೂಢಿಯ ವಿವರಣೆ. ನನಗೆ ಅದು ಅರೆಬರೆ ಅನ್ನಿಸುತ್ತದೆ. ಕೊಳ್ಳುವ ಮನೆ ತಾನಾಗಿಯೇ ಮಾಡಿಸುವ ಮನೆಯ ಕಡೆಗೆ ಸರಿಯುತ್ತಿತ್ತು. ಕಾರವಾರದ ಕೋಠಿಗೆ ಬರುತ್ತಿದ್ದ ಬಟ್ಟೆ ಘಟ್ಟದ ಮೇಲೆ, ಹುಬ್ಬಳ್ಳಿಯ ಸುತ್ತಮುತ್ತ ನೇಯ್ದದ್ದು. 50,000 ನೇಕಾರರು ಇದ್ದರೆಂಬ ಗೆಜೆಟಿಯರಿನ ಮಾತನ್ನು ಸ್ವಲ್ಪ ತಗ್ಗಿಸಿ ಓದಿಕೊಂಡರೂ ಮಗ್ಗಗಳ ಮೇಲೆ ಕೋಠಿಯ ಕಣ್ಣಿತ್ತೆಂಬುದು ಖಚಿತ. ಬಂಗಾಳದಲ್ಲಂತೂ 1753ರಲ್ಲಿ ಕಂಪನಿ ಮುಂಗಡ ಹಂಚುತ್ತಿದ್ದ ದಾದನಿ ವರ್ತಕರನ್ನು ಬಿಟ್ಟು, ತನ್ನದೇ ಗುಮಾಸ್ತರನ್ನು ನೇಕಾರರ ಬಾಗಿಲಿಗೆ ಕಳಿಸಿತು. 1770ರ ಸುಮಾರಿಗೆ ಇಟಲಿಯ ರೀತಿಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಕಂಪನಿಯದೇ ಸೂರಿನಡಿ ಶುರುವಾಯಿತು: ಗೂಡು ಬೇಯುವ ಬಿಸಿನೀರಿನ ಬೋಗುಣಿ, ಸಾಲಾಗಿ ಕೂತ ಕೂಲಿಗಳು, ಎಳೆಯ ನವಿರು ಪರೀಕ್ಷಿಸುವ ಮೇಲ್ವಿಚಾರಕ. ಹಬೆಯ ಯಂತ್ರವೊಂದನ್ನು ಬಿಟ್ಟರೆ ಇನ್ನೇನು ಕಡಿಮೆ?

ಇದಕ್ಕೆ ಆಕ್ಷೇಪವಿದೆ. ಇಂಗ್ಲೆಂಡಿನಲ್ಲಿ ‘ಕಾರ್ಖಾನೆ’ ಎಂಬ ಅರ್ಥ 17ನೇ ಶತಮಾನದಲ್ಲೇ ಕಾಣುತ್ತದೆ. ‘ಮ್ಯಾನುಫ್ಯಾಕ್ಟರಿ’ ಎಂಬ ಪದದ ನೆರಳೂ ಅದರ ಮೇಲೆ ಬಿದ್ದಿದೆ. ಒಪ್ಪಬೇಕಾದ ಮಾತೇ, ಆ ಅರ್ಥವನ್ನು ಹುಟ್ಟಿಸಿದ್ದು ಭಾರತದ ಕೋಠಿಗಳಲ್ಲ. ಆದರೆ ಎರಡು ಅರ್ಥಗಳು ಅಷ್ಟು ಕಾಲ ಒಂದೇ ಪದದಲ್ಲಿ ಜಗಳವಿಲ್ಲದೆ ಬಾಳಿದ್ದು ಹೇಗೆ ಎಂಬುದಕ್ಕೆ ಉತ್ತರ ಈ ಕೋಠಿಗಳಲ್ಲಿ ಸಿಗುತ್ತದೆ. ನೀಲಿಯ ಕೋಠಿಯನ್ನೇ ನೋಡಿ: ರೈತನಿಗೆ ಮುಂಗಡ ಕೊಟ್ಟು ಬೆಳೆ ಹಿಡಿಯುವ ಕಚೇರಿಯೂ ಅದೇ, ಗಿಡವನ್ನು ತೊಟ್ಟಿಯಲ್ಲಿ ಕೊಳೆಹಾಕಿ, ನೀರು ಬಡಿದು ಬಣ್ಣ ಇಳಿಸುವ ಜಾಗವೂ ಅದೇ. ಇವೆರಡನ್ನೂ ಬೇರ್ಪಡಿಸಲು ಕಾನೂನೇ ಬರಬೇಕಾಯಿತು. 1881ರ ಭಾರತೀಯ ಫ್ಯಾಕ್ಟರಿ ಕಾಯಿದೆ ಯಂತ್ರಶಕ್ತಿ ಬಳಸುವ, 100 ಜನಕ್ಕೆ ಕಡಿಮೆಯಿಲ್ಲದೆ ದುಡಿಯುವ ಜಾಗಗಳಿಗಷ್ಟೇ ಅನ್ವಯಿಸಿತು. ನೀಲಿ ಫ್ಯಾಕ್ಟರಿಗಳನ್ನು ತನ್ನ ಲೆಕ್ಕದಿಂದ ಹೊರಗಿಟ್ಟಿತು.