ಗರ್ಭಕೋಶ ತೆಗೆಸಿದರೆ ಮೈಗ್ರೇನ್ ಹೋಗುತ್ತದೆಯೇ?

ಮುಟ್ಟಿನ ಸಮಯದ ಮೈಗ್ರೇನ್‌ಗೆ ಗರ್ಭಕೋಶ ತೆಗೆಸಿಬಿಡುವುದೇ ಪರಿಹಾರವೇ ಎಂದು ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಓದುಗರು ನಮ್ಮನ್ನು ಕೇಳುತ್ತಾರೆ. ಅಲ್ಲ. ಮುಟ್ಟಿಗೆ ಮುಂಚೆ ಈಸ್ಟ್ರೋಜೆನ್ ಹಾರ್ಮೋನ್ ಕುಸಿದಾಗ ಈ ನೋವು ಕೆರಳುತ್ತದೆ. ಅದು ತಯಾರಾಗುವುದು ಅಂಡಾಶಯದಲ್ಲಿ, ಗರ್ಭಕೋಶದಲ್ಲಲ್ಲ. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನಿನ ಏರಿಳಿತ ನಿಲ್ಲುವುದಿಲ್ಲ.

ಅಂಡಾಶಯವನ್ನೂ ತೆಗೆಸಿದರೆ? 1993ರ ಇಟಲಿಯ ಅಧ್ಯಯನವೊಂದರಲ್ಲಿ (ಚಿಕ್ಕದೇ, ನಿಜ) ಮುಟ್ಟು ತಾನಾಗಿ ನಿಂತವರಲ್ಲಿ ಮೂವರಲ್ಲಿ ಇಬ್ಬರಿಗೆ ತಲೆನೋವು ತಗ್ಗಿತ್ತು. ಆಪರೇಷನ್‌ನಿಂದ ನಿಂತವರಲ್ಲಿ ಅಷ್ಟೇ ಪಾಲು ಮಹಿಳೆಯರಿಗೆ ಹೆಚ್ಚಾಗಿತ್ತು.

ಕಲಬುರಗಿಯ ತಾಂಡಾಗಳಲ್ಲಿ ಹೊಟ್ಟೆನೋವು, ಬೆನ್ನುನೋವು ಎಂದು ಹೋದ ಹೆಣ್ಣುಮಕ್ಕಳ ಗರ್ಭಕೋಶ ತೆಗೆದದ್ದು 2015ರಲ್ಲಿ ಬಯಲಾಗಿತ್ತು. ಆ ಪಟ್ಟಿಗೆ ತಲೆನೋವು ಸೇರುವುದು ಬೇಡ.

ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನ, ತಲೆನೋವಿನ ದಿನ ಎರಡನ್ನೂ ಗುರುತು ಹಾಕಿ ವೈದ್ಯರಿಗೆ ತೋರಿಸಿ. ಆ ಕೆಲವು ದಿನಗಳಿಗಷ್ಟೇ ಕೊಡುವ ಮಾತ್ರೆಗಳೂ ಇವೆ.