ಅಟ್ಟದ ಮೇಲಿನ ಕಾಯಿ

ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ ಇಂದು ಒಂದು ಹೋಬಳಿ ಕೇಂದ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಗೆ ಅದೇ ತಾಲ್ಲೂಕು ಕೇಂದ್ರವಾಗಿತ್ತು. ಇಲ್ಲಿನ 'ಗಂಗಾಪಾಣಿ' ಎಂಬ ತೆಂಗಿನ ತಳಿಯ ಎಳನೀರಿನ ರುಚಿಯನ್ನು ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ವಿಶೇಷವಾಗಿ ಗುರುತಿಸಿದ್ದಾರೆ. 1880ರ ದಶಕದಲ್ಲಿ ತಿಪಟೂರಿಗೆ ರೈಲು ಬಂತು. ಅದೇ ದಶಕದಲ್ಲಿ ತಾಲ್ಲೂಕು ಕಚೇರಿಯೂ ತಿಪಟೂರಿಗೆ ಹೋಯಿತು. ಸಂತೆ, ವ್ಯಾಪಾರ, ಅಧಿಕಾರ ಎಲ್ಲವೂ ಹಳಿಯ ಪಕ್ಕಕ್ಕೆ ಸರಿದವು. ಇದರಲ್ಲಿ ಹೊನ್ನವಳ್ಳಿಯವರ ತಪ್ಪೇನೂ ಇರಲಿಲ್ಲ. ಅವರನ್ನು ಯಾರೂ ಕೇಳಿರಲೂ ಇಲ್ಲ. ಆದರೆ ತೆಂಗಿನ ತೋಟಗಳು ಇದ್ದಲ್ಲೇ ಉಳಿದವು. ಕಾಯಿ ಬೀಳುತ್ತಲೇ ಇತ್ತು, ಅಟ್ಟ ತುಂಬುತ್ತಲೇ ಇತ್ತು.

ತನ್ನ ಕೈಮೀರಿದ್ದರ ನಡುವೆ ಮನುಷ್ಯ ಕೈಯಲ್ಲಿರುವುದನ್ನು ಹೇಗೆ ಹಿಡಿದುಕೊಳ್ಳುತ್ತಾನೆ ಎಂಬುದಕ್ಕೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಚರಿತ್ರೆ ಒಳ್ಳೆಯ ಪಾಠ. ಆ ಪಾಠಕ್ಕೆ ಒಂದು ಮಿತಿಯೂ ಇದೆ. ಎರಡನ್ನೂ ಒಟ್ಟಿಗೆ ಓದಬೇಕು.

ಇದು ಕರಾವಳಿಯಲ್ಲ. ವರ್ಷಕ್ಕೆ ಆರೇಳುನೂರು ಮಿಲಿಮೀಟರ್ ಮಳೆ ಬಿದ್ದರೆ ಅದೇ ಒಳ್ಳೆಯ ವರ್ಷ. ಇಂಥ ಒಣಸೀಮೆಯಲ್ಲಿ ತೆಂಗನ್ನು ನಂಬುವುದೇ ಒಂದು ಸಾಹಸ. ಎತ್ತರದ ತಳಿಯ ಸಸಿ ಫಲ ಕೊಡಲು ಏಳೆಂಟು ವರ್ಷ ಬೇಕು. ಆಮೇಲೆ ಅದು ಅರವತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ನೆಟ್ಟವನು ಮೊಮ್ಮಗನ ಕಾಲದ ಬೆಲೆಯ ಮೇಲೆ ಬಾಜಿ ಕಟ್ಟಿದಂತೆ. ಇನ್ನೊಂದು ಸಂಗತಿ ಹೊರಗಿನವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಹೊಂಬಾಳೆ ಸುಳಿಯೊಳಗೆ ಮೊಳೆತು ಹೊರಗೆ ಬಿಚ್ಚಿಕೊಳ್ಳಲು ಎರಡೂವರೆ ವರ್ಷ ಹಿಡಿಯುತ್ತದೆ. ಅಲ್ಲಿಂದ ಕಾಯಿ ಬಲಿಯಲು ಮತ್ತೆ ಹನ್ನೊಂದು ಹನ್ನೆರಡು ತಿಂಗಳು ಬೇಕು. ಹೀಗಾಗಿ ಒಂದು ವರ್ಷದ ಬರ ಆ ವರ್ಷಕ್ಕೇ ಮುಗಿಯುವುದಿಲ್ಲ. ಮಳೆ ಮರಳಿ ಬಂದು ಕೆರೆ ತುಂಬಿದ ಮೇಲೂ ಎರಡು ಮೂರು ವರ್ಷ ಗೊನೆಗಳು ಹಳೆಯ ಬರದ ಲೆಕ್ಕ ಒಪ್ಪಿಸುತ್ತಿರುತ್ತವೆ.

ಈ ಅನಿಶ್ಚಯಕ್ಕೆ ಇಲ್ಲಿನ ರೈತ ಕಂಡುಕೊಂಡ ಉತ್ತರಗಳು ದೊಡ್ಡವಲ್ಲ. ಬೇಸಿಗೆಯಲ್ಲಿ ಕೆರೆಯ ಗೋಡು ತಂದು ಮರದ ಬುಡಕ್ಕೆ ಹಾಕುವುದು, ಬದು ಕಟ್ಟಿ ಬಿದ್ದ ಮಳೆಯನ್ನು ತೋಟದಲ್ಲೇ ಇಂಗಿಸುವುದು, ಉದುರಿದ ಗರಿಯನ್ನು ಬುಡಕ್ಕೇ ಹೊದಿಸುವುದು. ಮುಂಗಾರಿಗೆ ಮುಂಚಿನ ಮಳೆಗೆ ಹೆಸರು, ಅಲಸಂದೆ, ಆಮೇಲೆ ರಾಗಿ ಬಿತ್ತಿ ಮನೆಯ ಹಿಟ್ಟಿಗೆ ತೆಂಗನ್ನೇ ನೆಚ್ಚಿಕೊಳ್ಳದಿರುವುದು. ಮಳೆ ತರಿಸುವುದು ಇವುಗಳಲ್ಲಿ ಯಾವುದರಿಂದಲೂ ಆಗದು. ಬಂದ ಮಳೆ ಹೋಗದಂತೆ ನೋಡಿಕೊಳ್ಳಬಹುದು, ಅಷ್ಟೆ.

ಎಲ್ಲಕ್ಕಿಂತ ಜಾಣ ಉತ್ತರವೆಂದರೆ ಅಟ್ಟ. ಕೇರಳದಲ್ಲಿ ಹೆಚ್ಚಾಗಿ ಕಾಯಿ ಒಡೆದು ಹೋಳುಗಳನ್ನು ಬಿಸಿಲಿಗಿಟ್ಟು ಕೊಬ್ಬರಿ ಮಾಡುತ್ತಾರೆ. ಅದು ಎಣ್ಣೆಯ ಗಾಣಕ್ಕೆ ಹೋಗುತ್ತದೆ. ಈ ಸೀಮೆಯದು ಉಂಡೆ ಕೊಬ್ಬರಿ. ಚೆನ್ನಾಗಿ ಬಲಿತ ಕಾಯಿಯನ್ನು ಮಟ್ಟೆಸಹಿತ ಅಟ್ಟದ ಮೇಲೆ ರಾಶಿ ಹಾಕುತ್ತಾರೆ. ಎಂಟರಿಂದ ಹನ್ನೆರಡು ತಿಂಗಳಲ್ಲಿ ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಅಲ್ಲಾಡಿಸಿದರೆ ಗಲಗಲ ಸದ್ದು ಬರಬೇಕು. ಆಗ ಸುಲಿದು, ಉಂಡೆ ಒಡೆಯದಂತೆ ಚಿಪ್ಪು ಬಿಡಿಸಿ ತಿಪಟೂರು ಮಾರುಕಟ್ಟೆಗೆ ಒಯ್ಯುತ್ತಾರೆ. ಅಲ್ಲಿಂದ ಅದು ಉತ್ತರ ಭಾರತದ ಮಿಠಾಯಿಗೂ ಪೂಜೆಗೂ ಮದುವೆಗೂ ಹೋಗುತ್ತದೆ. ಎಳನೀರು ವಾರ ಕಾಯುವುದಿಲ್ಲ, ಹಸಿಕಾಯಿಯೂ ಬಹಳ ದಿನ ಕಾಯುವುದಿಲ್ಲ. ಅಟ್ಟದ ಕಾಯಿ ಕಾಯುತ್ತದೆ. ಬೆಲೆ ಕಟ್ಟುವ ಅಧಿಕಾರ ರೈತನಿಗಿಲ್ಲ, ಆದರೆ ಯಾವಾಗ ಮಾರಬೇಕೆಂಬ ಒಂದಿಷ್ಟು ಅಧಿಕಾರವನ್ನು ಅಟ್ಟ ಅವನಿಗೆ ಕೊಟ್ಟಿತು. ಬ್ಯಾಂಕುಗಳಿಲ್ಲದ ಕಾಲದಲ್ಲಿ ಅದೇ ಉಳಿತಾಯದ ಪೆಟ್ಟಿಗೆ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಂದರವಾಗಿರುತ್ತದೆ. ಚರಿತ್ರೆ ಇಲ್ಲಿಗೆ ನಿಲ್ಲುವುದಿಲ್ಲ.

1791–92ರಲ್ಲಿ ಟಿಪ್ಪು ಸುಲ್ತಾನನ ಮೇಲಿನ ಯುದ್ಧದಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯ ಈ ಸೀಮೆಯನ್ನು ತುಳಿದುಕೊಂಡು ಹೋಯಿತು, ಚಿಕ್ಕನಾಯಕನಹಳ್ಳಿ ಲೂಟಿಯಾಯಿತು. 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತೆಂಗು, ಅಡಿಕೆ ತೋಟಗಳ ಬೇಸಾಯವನ್ನು ಬರೆದಿಟ್ಟಂತೆ ಆ ದಾಳಿಗಳ ಗಾಯಗಳನ್ನೂ ಬರೆದಿಟ್ಟಿದ್ದಾನೆ. ಸೈನ್ಯ ಬಂದಾಗ ತುಂಬಿದ ಅಟ್ಟ ರಕ್ಷಣೆಯಲ್ಲ, ಅದೇ ಅಪಾಯ.

ಅದಕ್ಕಿಂತ ದೊಡ್ಡದು 1876–78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಬೆಳೆಯಬೇಕಾದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕುಗ್ಗಿತು. ಸತ್ತವರು ಸೋಮಾರಿಗಳಾಗಿದ್ದರೆ? ಬದು ಕಟ್ಟಿರಲಿಲ್ಲವೆ? ರಾಗಿಯ ಹಗೇವು ತುಂಬಿಟ್ಟಿರಲಿಲ್ಲವೆ? ಎಲ್ಲವನ್ನೂ ಮಾಡಿದ್ದರು. ಒಂದು ವರ್ಷದ ಬರಕ್ಕೆ ಸಾಕಾಗುವಷ್ಟು ಮಾಡಿದ್ದರು. ಒಂದರ ಮೇಲೊಂದು ಮಳೆ ಕೈಕೊಟ್ಟಾಗ ಹಗೇವು ಬರಿದಾಯಿತು. ಆಗ ರೈಲು ಬೆಂಗಳೂರಿಗೆ ನಿಂತಿತ್ತು. ಅಲ್ಲಿಗೆ ಬಂದ ಧಾನ್ಯವನ್ನು ಒಳನಾಡಿಗೆ ಸಾಗಿಸಲು ಎತ್ತಿನ ಗಾಡಿಗಳೇ ಗತಿ. ಮೇವು ನೀರಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿದಾಗ ಬೊಕ್ಕಸದ ಮೇಲೆ ಕ್ಷಾಮದ 80 ಲಕ್ಷ ರೂಪಾಯಿ ಸಾಲವಿತ್ತು. ಅಷ್ಟು ಸಾಲವಿದ್ದರೂ ದಿವಾನ್ ರಂಗಾಚಾರ್ಲು, ಅವರ ನಂತರ ಶೇಷಾದ್ರಿ ಅಯ್ಯರ್ ರೈಲು ದಾರಿಯನ್ನು ಒಳನಾಡಿಗೆ ಬೆಳೆಸಿದರು. ತುಮಕೂರು, ಗುಬ್ಬಿ, ತಿಪಟೂರು ದಾಟಿ 1889ರ ಹೊತ್ತಿಗೆ ಅದು ಹರಿಹರ ಸೇರಿತು. ಹೊನ್ನವಳ್ಳಿಯ ಹಿರಿಮೆಯನ್ನು ಕಿತ್ತುಕೊಂಡ ಆ ಹಳಿಯೇ ಇಡೀ ಸೀಮೆಗೆ ಧಾನ್ಯ ತಲುಪಿಸುವ ದಾರಿಯಾಯಿತು. ಕೊಬ್ಬರಿಗೆ ದೂರದ ಮಾರುಕಟ್ಟೆಯನ್ನೂ ತೆರೆಯಿತು. ಒಬ್ಬ ರೈತನ ಕೈಮೀರಿದ್ದು ರಾಜ್ಯದ ಕೈಮೀರಿದ್ದಾಗಿರಲಿಲ್ಲ.

'ನಿನ್ನ ಕೈಯಲ್ಲಿರುವುದನ್ನು ಮಾಡು, ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ' ಎಂಬ ಬುದ್ಧಿವಾದವನ್ನು ಈ ಕಾರಣಕ್ಕೆ ಎಚ್ಚರದಿಂದ ಕೇಳಬೇಕು. ಕೈಯ ಅಳತೆ ಎಲ್ಲರದೂ ಒಂದೇ ಅಲ್ಲ. ಅಟ್ಟವಿದ್ದವನು ಕಾಯಬಲ್ಲ. ಮಗಳ ಮದುವೆಗೆ, ಆಸ್ಪತ್ರೆಗೆ ವ್ಯಾಪಾರಿಯಿಂದ ಮುಂಗಡ ತಂದವನ ಅಟ್ಟದಲ್ಲಿ ಕಾಯಿ ಇದ್ದರೂ ಅದು ಅವನದಲ್ಲ. ಕಾಯಿ ಕೀಳುವವರಿಗೆ, ಸುಲಿಯುವವರಿಗೆ, ಕೊಬ್ಬರಿ ಬಿಡಿಸುವ ಹೆಂಗಸರಿಗೆ ಅಟ್ಟವೇ ಇಲ್ಲ. ಅವರದು ದಿನದ ಕೂಲಿ. ಬೆಲೆ ಬಿದ್ದಾಗ ಮೊದಲು ನಿಲ್ಲುವುದು ಅವರ ಕೆಲಸ.

ಇನ್ನೊಂದು ಎಚ್ಚರವೂ ಬೇಕು. ಕೈಯಲ್ಲಿದೆ ಎಂದು ತೋರುವುದೆಲ್ಲ ಕೈಯಲ್ಲಿರುವುದಿಲ್ಲ. ಮಳೆಯ ಹಂಗು ಬೇಡವೆಂದು ಜನ ಕೊಳವೆಬಾವಿ ಕೊರೆದರು. ಮೊದಲಿಗೆ ನೀರು ಬಂತು. ಪಕ್ಕದವನೂ ಕೊರೆದ, ಅವನ ಪಕ್ಕದವನೂ ಕೊರೆದ. ನೀರು ಸಾವಿರ ಅಡಿಗೆ ಇಳಿಯಿತು. ಒಬ್ಬೊಬ್ಬರೂ ತಮ್ಮ ಪಾಲಿನ ಅನಿಶ್ಚಯವನ್ನು ಕಳೆದುಕೊಳ್ಳಲು ಹೋಗಿ ಎಲ್ಲರ ಪಾಲಿನ ಅನಿಶ್ಚಯವನ್ನು ಹೆಚ್ಚಿಸಿಕೊಂಡರು. ಇದಕ್ಕೆದುರಾಗಿ, ತಿಪಟೂರು ಬಳಿಯ ಲಕ್ಕಿಹಳ್ಳಿಯಲ್ಲಿ ನೆಲೆಯಿರುವ ಬೈಫ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ನೆರೆಯ ಅರಸೀಕೆರೆ ತಾಲ್ಲೂಕಿನ ಆದಿಹಳ್ಳಿ-ಮೈಲನಹಳ್ಳಿಯಲ್ಲಿ ರೈತರೊಂದಿಗೆ ಹೊಲಹೊಲಕ್ಕೂ ಕೃಷಿಹೊಂಡ ತೆಗೆಸಿತು. ಮೇಲಿನ ಹೊಂಡ ತುಂಬಿ ಕೆಳಗಿನದಕ್ಕೆ ಹರಿಯುವ ಏರ್ಪಾಡು ಅದು. ಒಬ್ಬನ ಹೊಂಡ ಪಕ್ಕದವನ ನೀರನ್ನು ಕಸಿಯುವುದಿಲ್ಲ. ಅವನ ನೆಲವನ್ನೂ ತಂಪಾಗಿಡುತ್ತದೆ.

ರೋಗದ ವಿಷಯದಲ್ಲೂ ಅಷ್ಟೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಪೀಡೆ ಒಂದೆರಡು ವರ್ಷದಲ್ಲಿ ಈ ತೋಟಗಳಿಗೂ ಬಂತು. ಕಾಯಿ ಕಂದಿ, ಬಿರುಕು ಬಿಟ್ಟು, ಕುಗ್ಗಿತು. ಬೇರಿಗೆ ಔಷಧ ಉಣಿಸಿ ಸೋತವರು ಬಹಳ. ಗೊಬ್ಬರ, ಪೊಟ್ಯಾಷ್, ಬೇವಿನ ಹಿಂಡಿ ಕೊಟ್ಟು ಮರವನ್ನು ಗಟ್ಟಿಮುಟ್ಟಾಗಿಟ್ಟರೆ ಪೀಡೆಯ ಹೊಡೆತ ತಗ್ಗುತ್ತದೆ ಎಂಬುದು ನಿಧಾನವಾಗಿ ತಿಳಿಯಿತು. ನುಸಿಯನ್ನು ಓಡಿಸಲಾಗದು, ಮರವನ್ನು ಸಾಕಬಹುದು.

ಬೆಲೆಯ ಆಟ ಮಾತ್ರ ನಿಂತಿಲ್ಲ. 2021ರಲ್ಲಿ ಕ್ವಿಂಟಾಲಿಗೆ 15 ಸಾವಿರ ದಾಟಿದ್ದ ಉಂಡೆ ಕೊಬ್ಬರಿ 2023ರಲ್ಲಿ 8 ಸಾವಿರದ ಆಸುಪಾಸಿಗೆ ಕುಸಿಯಿತು. ಆ ವರ್ಷ ಕೇಂದ್ರ ಸರ್ಕಾರದ ಬೆಂಬಲ ಬೆಲೆ 11,750 ರೂಪಾಯಿ. ಆದರೆ ಬೆಂಬಲ ಬೆಲೆ ಕಾಗದದಲ್ಲಿದ್ದರೆ ಸಾಲದು, ಕೊಳ್ಳುವವರು ಬೇಕು. ರೈತರು ತಿಪಟೂರಿನಲ್ಲಿ ಧರಣಿ ಕೂತರು. ನಾಫೆಡ್ ಖರೀದಿ ನಡೆಯಿತು. 2024ರಲ್ಲಿ 12 ಸಾವಿರದ ಬೆಂಬಲ ಬೆಲೆಗೆ ರಾಜ್ಯ ಸರ್ಕಾರ 1,500 ರೂಪಾಯಿ ಸೇರಿಸಿತು. 2025ರಲ್ಲಿ ಬೆಲೆ 25 ಸಾವಿರ ದಾಟಿತು. ಹಿಗ್ಗುವುದಕ್ಕೆ ಹೆಚ್ಚಿನವರ ಅಟ್ಟದಲ್ಲಿ ಕಾಯಿಯೇ ಇರಲಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಗೊನೆಗಳು ಆ ಲೆಕ್ಕವನ್ನು ಒಪ್ಪಿಸುತ್ತಿದ್ದವು.

ಹೊನ್ನವಳ್ಳಿ ಸೀಮೆಯ ಇನ್ನೂರು ವರ್ಷ ಎರಡು ಮಾತು ಹೇಳುತ್ತದೆ. ಒಂದು, ಮಳೆ ಬರಲಿ ಬಿಡಲಿ, ಬುಡಕ್ಕೆ ಗೋಡು ಹಾಕುವ ಕೆಲಸ ಬಿಡಬಾರದು. ಕೆಟ್ಟ ವರ್ಷದಲ್ಲಿ ಮಾಡಿದ ಆರೈಕೆಯೇ ಮೂರು ವರ್ಷದ ಮೇಲೆ ಗೊನೆಯಾಗಿ ಕಾಣುವುದು. ಇನ್ನೊಂದು, ನನ್ನ ಕೈಗೆ ಎಟುಕದ್ದೆಲ್ಲ ವಿಧಿ ಎಂದು ತೀರ್ಮಾನಿಸಬಾರದು. ರೈಲು, ಕೆರೆ, ಬೆಂಬಲ ಬೆಲೆ, ಕೂಲಿಯ ದರ ಇವು ಒಂಟಿ ಕೈಗೆ ಎಟುಕುವುದಿಲ್ಲ, ಹಲವು ಕೈ ಸೇರಿದರೆ ಎಟುಕುತ್ತವೆ. ಅಟ್ಟವಿಲ್ಲದವನಿಗೂ ಕಾಯುವ ಶಕ್ತಿ ಸಿಗುವಂತೆ ಮಾಡುವುದು ಆ ಕೈಗಳ ಮುಂದಿರುವ ಕೆಲಸ.